ಫ್ಲಾಪಿ ಓದದಿದ್ದರೆ ತಪ್ಪು ಯಾರದ್ದು? ಬೂಸ್ಟು ಹಿಡಿದ ಡಬ್ಬಿಯಿಂದ ಲೆಕ್ಕ ತೆಗೆದ ಬಗೆ

ಪುನರ್ವಸು ಮಳೆ ಹುಯ್ಯುತ್ತಿದ್ದ ಒಂದು ಮಧ್ಯಾಹ್ನ ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಒಂದು ಬಿಸ್ಕತ್ ಡಬ್ಬಿ ಚಿಕ್ಕಮಗಳೂರಿನ ನನ್ನ ಅಂಗಡಿಗೆ ಬಂತು. ಒಳಗೆ 43 ಫ್ಲಾಪಿ, ಹಳೇ ಕಂಪ್ಯೂಟರಿನ ಲೆಕ್ಕ ಬರೆದಿಡುತ್ತಿದ್ದ ತೆಳು ಕಾಂತೀಯ ತಟ್ಟೆಗಳು. 31 ಮೂರೂವರೆ ಇಂಚಿನವು, 12 ಐದೂಕಾಲು ಇಂಚಿನವು. ತಂದವರು ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್. ಲೇಬಲ್ ಮೇಲೆ ಅವರದ್ದೇ ದುಂಡು ಅಕ್ಷರ: ಚೆಕ್‌ರೋಲ್ (ಆಳುಗಳ ಹಾಜರಿ), ಮಳೆ ಲೆಕ್ಕ, ಕಾಫಿ ಮಾರಾಟ. ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರೇ ಹೊರಗೆ ಮಾರುವಂತಾದ ಕಾಲದ ಲೆಕ್ಕ ಅದು. ಮಳೆ ಪುಸ್ತಕದ ಕೆಲವು ವರ್ಷಗಳನ್ನು ಗೆದ್ದಲು ತಿಂದಿತ್ತು. ಉಳಿದಿದ್ದರೆ ಫ್ಲಾಪಿಯಲ್ಲೇ ಉಳಿದಿರಬೇಕು.

"ಒಂದು ಹಾಕಿ ನೋಡಿ ಮಾರಾಯ್ರೇ, ಓದುತ್ತೋ ಇಲ್ವೋ ಗೊತ್ತಾಗಿಬಿಡಲಿ" ಅಂದರು ರೈಟರ್.

ನಾನೂ ಹಾಕಿಬಿಟ್ಟೆ. ಅದೇ ತಪ್ಪು.

ಡ್ರೈವ್ ಒಂದು ಸಲ ಕಿರ್ರ್ ಅಂತ ಕಿರುಚಿತು. ಓದಲಿಲ್ಲ. ಎರಡನೆಯದು ಹಾಕಿದೆ, ಓದಲಿಲ್ಲ. ಮೂರು, ನಾಲ್ಕು, ಐದು, ಯಾವುದೂ ಇಲ್ಲ. "ಎಲ್ಲಾ ಹೋಗಿದೆ ರೈಟ್ರೇ" ಅಂತ ಹೇಳಿಯೂ ಬಿಟ್ಟೆ. ಅವರು ಡಬ್ಬಿ ಮುಚ್ಚಿಕೊಂಡು ಹೊರಡುವವರಿದ್ದರು. ಆಗ ಸುಮ್ನೆ ಅನುಮಾನಕ್ಕೆ ನನ್ನದೇ ಒಂದು ಚೆನ್ನಾಗಿರುವ ಫ್ಲಾಪಿ ಹಾಕಿದೆ. ಬೆಳಗ್ಗೆ ತಾನೇ ಓದಿದ್ದ ಫ್ಲಾಪಿ. ಅದೂ ಓದಲಿಲ್ಲ.

ಕೆಟ್ಟಿದ್ದು ಫ್ಲಾಪಿಗಳಲ್ಲ. ಮೊದಲನೆಯದರ ಬೂಸ್ಟು ಡ್ರೈವಿನಲ್ಲಿ ಓದುವ ಭಾಗವಾದ ಹೆಡ್‌ಗೆ ಮೆತ್ತಿಕೊಂಡಿತ್ತು. ಆ ಮೇಲೆ ಹಾಕಿದ ನಾಲ್ಕು ಫ್ಲಾಪಿಗಳ ಮೈಯನ್ನು ಆ ಕೊಳಕು ಹೆಡ್ಡೇ ಉಜ್ಜಿತ್ತು. ಎರಡಕ್ಕೆ ಗೀರು ಬಿದ್ದಿತ್ತು. 25 ವರ್ಷ ಅಟ್ಟದ ಮೇಲೆ ಬದುಕಿದ್ದ ಫ್ಲಾಪಿ ನನ್ನ ಮೇಜಿನ ಮೇಲೆ ಐದು ನಿಮಿಷದಲ್ಲಿ ಗಾಯ ಮಾಡಿಕೊಂಡಿತು.

ಆದ್ದರಿಂದ ಈ ಬರಹ. ಫ್ಲಾಪಿ ಓದದಿದ್ದರೆ ನಾಲ್ಕು ಕಡೆ ಅನುಮಾನ ಪಡಬೇಕು: ಡ್ರೈವ್, ಫ್ಲಾಪಿಯ ಮೈ, ಫಾರ್ಮ್ಯಾಟ್ (ಬರೆದಿಟ್ಟ ವಿನ್ಯಾಸ), ಒಳಗಿನ ಫೈಲ್. ನಾಲ್ಕೂ ಪರದೆ ಮೇಲೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಯಾವುದರ ತಪ್ಪು ಅಂತ ಗೊತ್ತಾಗುವ ಮೊದಲು ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಸಾಕ್ಷಿ ಫ್ಲಾಪಿ

ಮೊದಲು ಮೂರು ನಾಲ್ಕು ಬೇಡದ, ಆದರೆ ಚೆನ್ನಾಗಿ ಓದುವ ಫ್ಲಾಪಿ ಇಟ್ಟುಕೊಳ್ಳಿ. ನಾನು ಇದನ್ನು ಸಾಕ್ಷಿ ಫ್ಲಾಪಿ ಅಂತ ಕರೆಯುತ್ತೇನೆ. ಕೆಲಸ ಶುರು ಮಾಡುವ ಮೊದಲು ಅದನ್ನು ಮೊದಲಿಂದ ಕೊನೆವರೆಗೆ ಓದಿಸಿ. ಓದಿದರೆ ಡ್ರೈವ್ ಸರಿ ಇದೆ. ಆಮೇಲೆ ಗಿರಾಕಿಯ ಫ್ಲಾಪಿ. ಅದು ಕೈಕೊಟ್ಟರೆ ಇನ್ನೊಂದು ಗಿರಾಕಿಯ ಫ್ಲಾಪಿ ಹಾಕುವಂತಿಲ್ಲ. ಮೊದಲು ಹೆಡ್ ಒರೆಸಿ, ಮತ್ತೆ ಸಾಕ್ಷಿ ಹಾಕಿ. ಸಾಕ್ಷಿಯೂ ಓದಲಿಲ್ಲ ಅಂದರೆ ತಪ್ಪು ಡ್ರೈವಿನದು.

ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹಾರ್ಡ್ ಡಿಸ್ಕ್‌ನಲ್ಲಿ ಹೆಡ್ ಮೈಗೆ ತಾಗದೆ ತೇಲುತ್ತದೆ, ಫ್ಲಾಪಿಯಲ್ಲಿ ಹಾಗಲ್ಲ. ಇಲ್ಲಿ ಹೆಡ್ ನೇರವಾಗಿ ಮೈಯನ್ನು ಮುಟ್ಟಿಕೊಂಡೇ ಓದುತ್ತದೆ. ಮೂರೂವರೆ ಇಂಚಿನ ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಹೆಡ್ ಮೇಲೆ ಒಂದು ಮರಳಿನ ಕಣ ಇದ್ದರೂ ಒಂದೇ ನಿಮಿಷದಲ್ಲಿ 300 ಸಲ ಒಂದೇ ಜಾಗ ಉಜ್ಜಿದ ಹಾಗೆ.

ಡ್ರೈವಿಗೆ ಹಾಕುವ ಮೊದಲು ಕಣ್ಣಿಗೆ ಕೆಲಸ ಕೊಡಿ

ಮೊದಲು ಬರವಣಿಗೆ ತಡೆ ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮೂರೂವರೆ ಇಂಚಿನದರಲ್ಲಿ ಮೂಲೆಯ ಚಿಕ್ಕ ಗುಂಡಿ ಸರಿಸಿ ತೂತು ಕಾಣುವಂತೆ ಮಾಡಿದರೆ ಫ್ಲಾಪಿ ಭದ್ರ. ಐದೂಕಾಲಿನದರಲ್ಲಿ ಪೂರ್ತಿ ಉಲ್ಟಾ. ಪಕ್ಕದ ಕಚ್ಚನ್ನು ಸ್ಟಿಕರ್ ಹಚ್ಚಿ ಮುಚ್ಚಿದರೆ ಭದ್ರ.

ಆಮೇಲೆ ಮೂರೂವರೆಯ ಲೋಹದ ಬಾಗಿಲು ಸರಿಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಹಿಂದಿನ ಲೋಹದ ಗುಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತಾ ಇಡೀ ಸುತ್ತು ನೋಡಿ. ಎರಡೂ ಮೈ ನೋಡಿ. ಒಳ್ಳೆಯ ಮೈ ಕಪ್ಪು ಕಂದು ಬಣ್ಣದಲ್ಲಿ ನುಣುಪಾಗಿ ಹೊಳೆಯುತ್ತದೆ. ನೋಡಬೇಕಾದದ್ದು ಇವು.

ಬಿಳಿ ಚುಕ್ಕೆ, ಜೇಡರ ಬಲೆಯಂಥ ಎಳೆ ಇದ್ದರೆ ಬೂಸ್ಟು. ಮಲೆನಾಡಿನಲ್ಲಿ ಮುಕ್ಕಾಲು ಪಾಲು ಇದೇ ಅಂತ ನನ್ನ ಅಂದಾಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಬರುವ ಊರಲ್ಲಿ ಫ್ಲಾಪಿಗೆ ಬರುವುದಿಲ್ವಾ? ಇದನ್ನು ತೊಳೆಯಬಹುದು.

ಮಸಿ, ಜಿಡ್ಡು ಇದ್ದರೆ ಫ್ಲಾಪಿ ಒಲೆ ಮೇಲಿನ ಅಟ್ಟದಲ್ಲಿತ್ತು ಅಂತ ಅರ್ಥ. ಹೊಗೆಯಟ್ಟದಲ್ಲಿ ಬೂಸ್ಟು ಬರುವುದಿಲ್ಲ ನಿಜ, ಹಳಬರು ಅಡಿಕೆ, ಬೀಜ ಎಲ್ಲಾ ಅಲ್ಲೇ ಇಡುತ್ತಿದ್ದರು. ಆದರೆ ಫ್ಲಾಪಿ ಅಡಿಕೆ ಅಲ್ಲ.

ತಟ್ಟೆಯ ಸುತ್ತ ಉಂಗುರದ ಹಾಗೆ ಗೀರು ಕಂಡರೆ ಕೆಟ್ಟ ಸುದ್ದಿ. ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಉಂಗುರದ ಜಾಗದಲ್ಲಿ ಬೆಳಕು ಆಚೆಗೆ ತೂರಿದರೆ ಅಲ್ಲಿನ ಆಕ್ಸೈಡ್ ಲೇಪ ಎದ್ದು ಹೋಗಿದೆ. ಅಲ್ಲಿ ಅಕ್ಷರವೇ ಇಲ್ಲ, ಯಾವ ಸಾಫ್ಟ್‌ವೇರ್ ಬಂದರೂ ಓದುವುದಿಲ್ಲ. ಉಳಿದ ಜಾಗ ಓದಬಹುದು. ಆದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಐದೂಕಾಲಿನದು ಕವರಿನೊಳಗೆ ಸಲೀಸಾಗಿ ತಿರುಗುತ್ತದೆಯೇ ನೋಡಿ. ಅಂಟಿಕೊಂಡಿದ್ದರೆ ಡ್ರೈವಿಗೆ ಹಾಕಬೇಡಿ.

ತೊಳೆಯುವುದು

ಬೂಸ್ಟಿನ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆಗೆಯಿರಿ. ಮೊದಲ ದಿನ ನಾನು ಹಾಕಿಕೊಂಡಿರಲಿಲ್ಲ. ರಾತ್ರಿಯೆಲ್ಲಾ ಕೆಮ್ಮು.

ಬೇಕಾದ್ದು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಮೆತ್ತನೆ ಬಟ್ಟೆ, ಬಡ್ಸ್. ಮೊಬೈಲ್ ರಿಪೇರಿಯವರ ಹತ್ತಿರ ಈ ದ್ರವ ಇದ್ದೇ ಇರುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರೂ ಇನ್ನೂ ಏನೇನೋ ಸೇರಿರುತ್ತದೆ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ನೀರು ಯಾವ ಕಾರಣಕ್ಕೂ ಬೇಡ. ಆಕ್ಸೈಡನ್ನು ಹಿಡಿದಿಟ್ಟ ಅಂಟೇ ಕರಗಿ ಹೋಗುತ್ತದೆ.

ಬೂಸ್ಟು ಸ್ವಲ್ಪ ಇದ್ದರೆ ಬಾಗಿಲು ಸರಿಸಿಕೊಂಡೇ ಒದ್ದೆ ಬಡ್ಸಿನಲ್ಲಿ ಹಗುರವಾಗಿ ಒರೆಸುತ್ತಾ ತಟ್ಟೆಯನ್ನು ತಿರುಗಿಸಬಹುದು. ಒಂದು ಬಡ್ಸ್ ಕೊಳೆಯಾದ ಮೇಲೆ ಎಸೆಯಿರಿ. ಅದನ್ನೇ ಇನ್ನೊಂದು ಫ್ಲಾಪಿಗೆ ಹಚ್ಚಿದರೆ ಬೂಸ್ಟನ್ನು ನೀವೇ ಹಂಚಿದ ಹಾಗೆ.

ಜಾಸ್ತಿ ಇದ್ದರೆ ತಟ್ಟೆಯನ್ನೇ ಹೊರಗೆ ತೆಗೆಯಬೇಕು. ಮೂರೂವರೆಯದರಲ್ಲಿ ಬಾಗಿಲನ್ನು ಮೆಲ್ಲಗೆ ಕಳಚಿ. ಅದರ ಸ್ಪ್ರಿಂಗ್ ಹಾರಿ ಹೋಗುತ್ತದೆ, ಬೆರಳು ಅಡ್ಡ ಇಟ್ಟುಕೊಳ್ಳಿ. ಆಮೇಲೆ ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ ತುಂಡಿನಿಂದ ಮೂಲೆಗಳನ್ನು ಬಿಡಿಸಿದರೆ ಚಿಪ್ಪು ಎರಡಾಗುತ್ತದೆ. ಲೋಹದ ಗುಬ್ಬಿ ಒಂದೇ ಕಡೆ ಇರುವುದರಿಂದ ವಾಪಸ್ ಹಾಕುವಾಗ ಉಲ್ಟಾ ಆಗುವ ಭಯ ಇಲ್ಲ.

ಐದೂಕಾಲಿನದರಲ್ಲಿ ಆ ಭಯ ಇದೆ. ಕವರಿನ ಮೇಲಂಚನ್ನು ಬ್ಲೇಡಿನಲ್ಲಿ ಸೀಳಿ, ತಟ್ಟೆ ತೆಗೆಯುವ ಮೊದಲೇ ಮಧ್ಯದ ತೂತಿನ ಅಂಚಿಗೆ, ಲೇಬಲ್ ಇರುವ ಬದಿಗೆ, ಮಾರ್ಕರಿನಲ್ಲಿ ಒಂದು ಚುಕ್ಕೆ ಇಡಿ. ಮರೆತು ಮಗುಚಿ ಹಾಕಿದರೆ ಬದಿ ಅದಲು ಬದಲಾಗಿ ತಟ್ಟೆ ಹಿಂದುಮುಂದಾಗಿ ತಿರುಗುತ್ತದೆ. ಏನೂ ಓದುವುದಿಲ್ಲ. ನೀವು ಫ್ಲಾಪಿ ಸತ್ತಿತು ಅಂದುಕೊಳ್ಳುತ್ತೀರಿ.

ಹೊರಗೆ ಬಂದ ತಟ್ಟೆಯನ್ನು ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಪಾತ್ರೆ ಸೋಪು ಹಾಕಿ ಅದ್ದಿ, ಬೆರಳ ತುದಿಯಲ್ಲಿ ಸವರಿ. ಸೋಪು ಹೋಗುವವರೆಗೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ. ಬೋರಿನ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕೊನೆಗೆ ಆಲ್ಕೋಹಾಲಿನಲ್ಲಿ ಒಂದು ಕೈ. ಒಣಗಿಸುವುದು ಮಾತ್ರ ನೆರಳಲ್ಲಿ. ರೈಟರು "ಕಣದಲ್ಲಿ ಹರಡಿದರೆ ಅರ್ಧ ಗಂಟೆ ಸಾಕಲ್ವಾ?" ಅಂದರು. ಕಾಫಿಗೆ ಸರಿ, ಫ್ಲಾಪಿಗೆ ಬಿಸಿಲು ತಾಗಿದರೆ ತಟ್ಟೆ ಸೊಟ್ಟಗಾಗುತ್ತದೆ. ಹೇರ್ ಡ್ರೈಯರೂ ಬೇಡ. ಆ ತಿಂಗಳ ತೇವಕ್ಕೆ ಗಾಳಿಯಲ್ಲಿ ಏನೂ ಒಣಗುತ್ತಿರಲಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎರಡು ದಿನ ಇಟ್ಟೆ.

ಒಣಗಿದ ತಟ್ಟೆ ಹಳೇ ಚಿಪ್ಪಿಗೆ ವಾಪಸ್ ಹೋಗಬಾರದು. ಒಳಗಿನ ಬಟ್ಟೆಯ ಪದರದಲ್ಲಿ ಬೂಸ್ಟು ಇನ್ನೂ ಇರುತ್ತದೆ. ಬೇಡದ ಫ್ಲಾಪಿಯೊಂದರ ಚಿಪ್ಪಿಗೆ ಹಾಕಿ. ಲೇಬಲ್ ಬದಲಾಗುತ್ತದೆ, ಆದ್ದರಿಂದ ಮೊದಲೇ ನಂಬರ್ ಬರೆದು ಫೋಟೊ ತೆಗೆದಿಟ್ಟುಕೊಳ್ಳಿ.

ಡ್ರೈವಿನ ಮೇಲೆ ಅನುಮಾನ

ಡ್ರೈವ್ ಮಾತಾಡುತ್ತದೆ. ಕಿವಿ ಕೊಡಬೇಕು.

ಕಟ ಕಟ ಅಂತ ಒಂದೇ ತಾಳದಲ್ಲಿ ಹಿಂದೆ ಮುಂದೆ ಹೋದರೆ, ಹೆಡ್ ಸೊನ್ನೆಯ ಟ್ರ್ಯಾಕಿಗೆ (ಟ್ರ್ಯಾಕ್ ಅಂದರೆ ತಟ್ಟೆಯ ಮೇಲಿನ ಒಂದು ಸುತ್ತು ಗೆರೆ) ಹೋಗಿ ಮತ್ತೆ ಬಂದು ಓದಲು ನೋಡುತ್ತಿದೆ. ಸ್ವಲ್ಪ ಹೊತ್ತು ಬಿಡಬಹುದು. ಕಿರ್ರ್ ಅಂದರೆ ಆ ಕ್ಷಣ ಹೊರಗೆ ತೆಗೆಯಿರಿ, ಲೇಪ ಕಿತ್ತು ಬರುತ್ತಿದೆ. ದೀಪ ಆರದೆ ಒಂದೇ ಸಮನೆ ಉರಿಯುತ್ತಿದ್ದರೆ ಮುಕ್ಕಾಲು ಪಾಲು ಪಟ್ಟಿ ಕೇಬಲ್ ಉಲ್ಟಾ ಸಿಕ್ಕಿಸಿದ್ದೀರಿ. ತಿರುಗಿಸಿ ಹಾಕಿ.

ಇನ್ನೊಂದು ವಿಚಿತ್ರ ದೋಷ ಇದೆ. ಎರಡನೇ ಫ್ಲಾಪಿ ಹಾಕಿದರೂ ಮೊದಲನೆಯದರ ಫೈಲ್ ಪಟ್ಟಿಯೇ ಕಾಣುತ್ತದೆ! ದೆವ್ವ ಅಲ್ಲ. ಫ್ಲಾಪಿ ಬದಲಾಯಿತು ಅಂತ ಡ್ರೈವ್ ಕಂಪ್ಯೂಟರಿಗೆ ಹೇಳುವ ಒಂದು ತಂತಿ ಇದೆ, ಕೇಬಲ್ಲಿನ 34ನೇ ಪಿನ್. ಅದು ಕೆಟ್ಟರೆ ಕಂಪ್ಯೂಟರಿಗೆ ಹಳೇ ಪಟ್ಟಿಯೇ ನೆನಪು. ಆ ಸ್ಥಿತಿಯಲ್ಲಿ ಏನಾದರೂ ಬರೆದರೆ ಒಂದು ಫ್ಲಾಪಿಯ ಪಟ್ಟಿ ಇನ್ನೊಂದರ ಮೇಲೆ ಕೂತು ಎರಡೂ ಹಾಳು. ಬರವಣಿಗೆ ತಡೆ ಮೊದಲೇ ಹಾಕಿ ಅಂದಿದ್ದು ಇದಕ್ಕೂ ಸೇರಿ.

ಹೆಡ್ ಒರೆಸುವಾಗ ಬಡ್ಸಿಗೆ ಆಲ್ಕೋಹಾಲ್ ಹಾಕಿ ಮೆಲ್ಲಗೆ ಸವರಿ. ಮೇಲಿನ ಹೆಡ್‌ನ ತೋಳನ್ನು ಎತ್ತಿ ಹಿಡಿಯಬೇಡಿ. ಅದು ತೆಳು ಸ್ಪ್ರಿಂಗ್ ಮೇಲೆ ನಿಂತಿದೆ, ಸ್ವಲ್ಪ ಬಾಗಿದರೂ ಆ ಡ್ರೈವ್ ಗುಜರಿಗೆ.

ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡರೆ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಚೆನ್ನಾಗಿರುವ 1.44 ಎಂಬಿ ಫ್ಲಾಪಿಗೆ ಸಾಕು. 720 ಕೆಬಿಯದನ್ನು ಕೆಲವು ಓದುತ್ತವೆ, ಕೆಲವು ಓದುವುದಿಲ್ಲ. ಐದೂಕಾಲಿಗೆ ಅಂಥದ್ದು ಪ್ರಯೋಜನಕ್ಕೆ ಬರುವುದಿಲ್ಲ. ಕಷ್ಟದ ಫ್ಲಾಪಿಗೆ ಹಳೇ ಕಂಪ್ಯೂಟರಿನೊಳಗಿನ ಡ್ರೈವೇ ವಾಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಅದಕ್ಕೂ ಮೊದಲು ಬರೆದ ಕಂಪ್ಯೂಟರ್ ಎಲ್ಲಿದೆ ಅಂತ ಕೇಳಿ.

ಕಾರಣ ಇದೆ. ಮೂರೂವರೆ ಇಂಚಿನಲ್ಲಿ ಒಂದು ಇಂಚಿಗೆ 135 ಟ್ರ್ಯಾಕ್. ಅಂದರೆ ಒಂದರಿಂದ ಇನ್ನೊಂದಕ್ಕೆ 0.19 ಮಿಲಿಮೀಟರೂ ಇಲ್ಲ. ಬರೆದ ಡ್ರೈವಿನ ಹೆಡ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಅದು ಬರೆದದ್ದನ್ನು ಅದೇ ಚೆನ್ನಾಗಿ ಓದುತ್ತದೆ, ಬೇರೆ ಡ್ರೈವ್ ಓದುವುದಿಲ್ಲ. ರೈಟರನ್ನು ಕೇಳಿದರೆ "ಅದಾ? ಗೊಬ್ಬರದ ಗೋಡೌನಿನಲ್ಲಿ ಬಿದ್ದಿದೆಯಲ್ಲ" ಅಂದರು. ಆ ಪೆಟ್ಟಿಗೆಯ ಡ್ರೈವನ್ನು ಬಿಚ್ಚಿ, ಇಲಿ ಹಿಕ್ಕೆ ತೆಗೆದು, ಹಳಿಗಳಿಗೆ ಚೂರು ಎಣ್ಣೆ ಕೊಟ್ಟೆ. ನನ್ನ ಮೂರು ಡ್ರೈವ್ ಕೈಬಿಟ್ಟಿದ್ದ ಆರು ಫ್ಲಾಪಿಗಳನ್ನು ಅದು ತಕರಾರಿಲ್ಲದೆ ಓದಿತು.

ಫಾರ್ಮ್ಯಾಟಿನ ಮೇಲೆ ಅನುಮಾನ

"ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?" ಅಂತ ವಿಂಡೋಸ್ ಕೇಳುತ್ತದೆ. ಬೇಡ ಅನ್ನಿ. ಅದಕ್ಕೆ ಅರ್ಥವಾಗಲಿಲ್ಲ ಅಂತ ಮಾತ್ರ ಅದರ ಅರ್ಥ.

ಫ್ಲಾಪಿಯ ಮೈ ಶುಭ್ರ, ಸಾಕ್ಷಿ ಓದುತ್ತದೆ, ಆದರೂ ಒಂದು ಸೆಕ್ಟರೂ (ಟ್ರ್ಯಾಕಿನ ಒಂದು ತುಂಡು) ಬರುವುದಿಲ್ಲ ಅಂದಾಗ ತೂತು ನೋಡಿ. ಬರವಣಿಗೆ ತಡೆಯ ಎದುರು ಮೂಲೆಯಲ್ಲಿ ಇನ್ನೊಂದು ತೂತು ಇದ್ದರೆ ಅದು 1.44 ಎಂಬಿ, ಇಲ್ಲದಿದ್ದರೆ 720 ಕೆಬಿ. ಡ್ರೈವ್ ಈ ತೂತು ನೋಡಿಯೇ ತೀರ್ಮಾನ ಮಾಡುತ್ತದೆ. ಆದರೆ ಆಗಿನ ಕಾಲದಲ್ಲಿ ದುಡ್ಡು ಉಳಿಸಲು ಅಗ್ಗದ 720ಕ್ಕೆ ತೂತು ಕೊರೆದು 1.44 ಮಾಡಿಕೊಳ್ಳುತ್ತಿದ್ದವರು ಇದ್ದರು. ತೂತು ನೋಡದ ಕೆಲವು ಡ್ರೈವ್‌ಗಳು 1.44ರ ಫ್ಲಾಪಿಯನ್ನು 720 ಆಗಿ ಫಾರ್ಮ್ಯಾಟ್ ಮಾಡಿದ್ದೂ ಉಂಟು. ಅಂಥ ಫ್ಲಾಪಿಯ ತೂತಿನ ಎರಡೂ ಬದಿಗೆ ಬೆಳಕು ತೂರದ ಕರೀ ಟೇಪ್ ಹಚ್ಚಿ ಮತ್ತೆ ಹಾಕಿ. ಡಬ್ಬಿಯಲ್ಲಿದ್ದ ಎರಡು ಸತ್ತ ಫ್ಲಾಪಿಗಳು ಬರೀ ಇನ್ಸುಲೇಷನ್ ಟೇಪಿಗೆ ಎದ್ದು ಕೂತವು.

ಐದೂಕಾಲಿನದು ಇನ್ನೊಂದು ಕತೆ. 360 ಕೆಬಿಯದು 40 ಟ್ರ್ಯಾಕ್, 1.2 ಎಂಬಿಯದು 80. ದೊಡ್ಡ ಡ್ರೈವಿನ ಹೆಡ್ ಸಪೂರ. 360ರಲ್ಲಿ ಬರೆದ ಫ್ಲಾಪಿಯ ಮೇಲೆ ಆಮೇಲೆ 1.2ರ ಡ್ರೈವ್ ಬರೆದಿದ್ದರೆ ಅಗಲ ಗೆರೆಯ ನಡುವೆ ಸಪೂರ ಗೆರೆ ಬಿದ್ದಿರುತ್ತದೆ. 360ರ ಡ್ರೈವಿಗೆ ಹಳೆಯದೂ ಹೊಸದೂ ಒಟ್ಟಿಗೆ ಕೇಳಿಸಿ ಗೊಂದಲ. ಅದನ್ನು 1.2ರ ಡ್ರೈವಿನಲ್ಲೇ ಓದಿ.

ಶಾಲೆಗಳ ಹಳೇ ಫ್ಲಾಪಿ ಸಿಕ್ಕರೆ ಅದು ಡಾಸ್‌ನದೇ (ವಿಂಡೋಸ್‌ಗಿಂತ ಹಿಂದಿನ ಪಿಸಿ ವ್ಯವಸ್ಥೆ) ಆಗಿರಬೇಕೆಂದೇನಿಲ್ಲ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಕಂಪ್ಯೂಟರ್. ಅದರ ಫ್ಲಾಪಿಯಲ್ಲಿ ಸೆಕ್ಟರಿಗೆ 256 ಬೈಟ್, ಬರೆಯುವ ಪದ್ಧತಿಯೂ ಬೇರೆ. ಹಳೇ ಮ್ಯಾಕಿಂಟಾಶ್‌ನ 800 ಕೆಬಿ, ಅಮಿಗಾದ 880 ಕೆಬಿಯೂ ಹಾಗೇ. ಮಾಮೂಲಿ ಪಿಸಿಗೆ ಇವು ಖಾಲಿ ಕಾಣುತ್ತವೆ. ಅವಕ್ಕೆ ಮುಂದೆ ಹೇಳುವ ಗ್ರೀಸ್‌ವೀಸಲ್ ಬೇಕು.

ಫೈಲ್ ಅಲ್ಲ, ಇಡೀ ಫ್ಲಾಪಿ ನಕಲು ಮಾಡಿ

ಫ್ಲಾಪಿ ಓದತೊಡಗಿದ ಕೂಡಲೇ ಫೈಲ್ ತೆರೆದು ನೋಡುವ ಆಸೆ ಬೇಡ. ಮೊದಲ ಸೆಕ್ಟರಿಂದ ಕೊನೆಯವರೆಗೆ ಇಡೀ ನಕಲು ತೆಗೆಯಿರಿ. 1.44 ಎಂಬಿಯದಾದರೆ 80 ಟ್ರ್ಯಾಕ್, 2 ಬದಿ, 18 ಸೆಕ್ಟರ್, 512 ಬೈಟ್ ಗುಣಿಸಿದರೆ 14,74,560 ಬೈಟ್. ನಿಮ್ಮ ನಕಲಿನ ಗಾತ್ರ ಅಷ್ಟೇ ಇರಬೇಕು. ಮುಂದಿನ ಕೆಲಸವೆಲ್ಲಾ ನಕಲಿನ ಮೇಲೆ.

ಲಿನಕ್ಸಿನ ಡಿಡಿ-ರೆಸ್ಕ್ಯೂ ಇದಕ್ಕೆ ಹೇಳಿ ಮಾಡಿಸಿದ್ದು. ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲಾ ಬಾಚಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಯಾವುದು ಸಿಕ್ಕಿದೆ, ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಈ ಮ್ಯಾಪ್ ಫೈಲೇ ನನ್ನ ಪ್ರಾಣ ಉಳಿಸಿದ್ದು. ಒಂದು ಡ್ರೈವಿನಲ್ಲಿ ಓದಿಸಿ, 40 ಸೆಕ್ಟರ್ ಬಾಕಿ ಉಳಿದರೆ ನಿಲ್ಲಿಸಿ. ಫ್ಲಾಪಿಯನ್ನು ಇನ್ನೊಂದು ಸಲ ಒರೆಸಿ, ಬೇರೆ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಫೈಲ್ ಕೊಟ್ಟು ಮತ್ತೆ ಓಡಿಸಿ. ಬಾಕಿಯದಕ್ಕೆ ಮಾತ್ರ ಕೈ ಹಾಕುತ್ತದೆ. ಮೂರು ಡ್ರೈವ್ ತಿರುಗಿದರೆ 40 ಎನ್ನುವುದು ಎರಡಕ್ಕೋ ಮೂರಕ್ಕೋ ಇಳಿಯುತ್ತದೆ. ನಡುವೆ ಕರೆಂಟ್ ಹೋದರೂ ಓದಿದ್ದು ಹೋಗುವುದಿಲ್ಲ. ನಮ್ಮೂರ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಒಂದೇ ಡ್ರೈವಿನಲ್ಲಿ ನೂರು ಸಲ ಪ್ರಯತ್ನಿಸುವ ಹಟ ಮಾತ್ರ ಬೇಡ. ಮೂರು ಸಲಕ್ಕೆ ಬಾರದ್ದು ಅಲ್ಲಿ ಬರುವುದು ಕಡಿಮೆ. ಅಷ್ಟರಲ್ಲಿ ಹೆಡ್ ಆ ಜಾಗವನ್ನು ಸವೆಸುತ್ತಿರುತ್ತದೆ.

ಇದಕ್ಕೂ ಬಗ್ಗದ ಫ್ಲಾಪಿಗೆ ಗ್ರೀಸ್‌ವೀಸಲ್. ಕೀರ್ ಫ್ರೇಸರ್ ಎಂಬವರು ರೂಪಿಸಿದ ಚಿಕ್ಕ ಬೋರ್ಡ್ ಅದು. ಒಂದು ಕಡೆ ಹಳೇ ಡ್ರೈವಿನ ಪಟ್ಟಿ ಕೇಬಲ್, ಇನ್ನೊಂದು ಕಡೆ ಯುಎಸ್‌ಬಿ. ಕ್ರಯೊಫ್ಲಕ್ಸ್ ಅಂತ ಇದರ ಜಾತಿಯದೇ ಇನ್ನೊಂದಿದೆ. ಕಂಪ್ಯೂಟರಿನಲ್ಲಿ ಡ್ರೈವನ್ನು ನಡೆಸುವ ಮಾಮೂಲಿ ಕಂಟ್ರೋಲರ್ ಸೆಕ್ಟರ್ ಸರಿ ಇದೆ ಅಥವಾ ಇಲ್ಲ ಅಂತಷ್ಟೇ ಹೇಳುತ್ತದೆ. ಇದು ಹಾಗಲ್ಲ. ಹೆಡ್ ಕೆಳಗೆ ಕಾಂತದ ದಿಕ್ಕು ಬದಲಾದ ಪ್ರತಿ ಕ್ಷಣವನ್ನೂ ಬರೆದುಕೊಳ್ಳುತ್ತದೆ. ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಒಂದೇ ಟ್ರ್ಯಾಕನ್ನು ಐದು ಸುತ್ತು ಓದಿಸಿದರೆ ಒಂದು ಸುತ್ತಿನಲ್ಲಿ ಮಸುಕಾದದ್ದು ಇನ್ನೊಂದರಲ್ಲಿ ಸಿಗಬಹುದು. ಅರ್ಥ ಬಿಡಿಸುವ ಕೆಲಸ ಆಮೇಲೆ ಸಾಫ್ಟ್‌ವೇರಿನದು, ಫ್ಲಾಪಿ ಮತ್ತೆ ಸವೆಯುವುದಿಲ್ಲ. ಬಿಬಿಸಿ, ಅಮಿಗಾ, ಮ್ಯಾಕ್ ಎಲ್ಲವೂ ಇದರಲ್ಲಿ ಬರುತ್ತವೆ.

ಸೊನ್ನೆಯ ಟ್ರ್ಯಾಕ್ ಹೋದಾಗ

ನನ್ನ ಕೈಯಲ್ಲಿ ಗೀರು ಬಿದ್ದಿತು ಅಂದೆನಲ್ಲ, ಅದರಲ್ಲಿ ಒಂದು ಫ್ಲಾಪಿಯ ಗೀರು ತೀರಾ ಹೊರಅಂಚಿನಲ್ಲಿ. ಅಲ್ಲೇ ಸೊನ್ನೆಯ ಟ್ರ್ಯಾಕ್ ಇರುವುದು. ನಕಲು ಬಂತು, ಆದರೆ ಯಾವ ಕಂಪ್ಯೂಟರೂ ತೆರೆಯಲಿಲ್ಲ.

1.44ರ ಡಾಸ್ ಫ್ಲಾಪಿಯಲ್ಲಿ ಸೆಕ್ಟರ್ 0 ಬೂಟ್, ಅಂದರೆ ಫ್ಲಾಪಿ ಎಂಥದ್ದು ಅಂತ ಕಂಪ್ಯೂಟರಿಗೆ ಹೇಳುವ ಜಾಗ. 1ರಿಂದ 9 ಫ್ಯಾಟ್, ಅಂದರೆ ಯಾವ ಫೈಲ್ ಎಲ್ಲೆಲ್ಲಿ ಮುಂದುವರಿಯುತ್ತದೆ ಎಂಬ ಪಟ್ಟಿ. 10ರಿಂದ 18 ಅದರದ್ದೇ ಎರಡನೇ ಪ್ರತಿ. 19ರಿಂದ 32 ಫೈಲ್ ಹೆಸರುಗಳು. 33ರಿಂದ ಫೈಲುಗಳು. ಈಗ ಲೆಕ್ಕ ಹಾಕಿ. ಒಂದು ಟ್ರ್ಯಾಕಿನಲ್ಲಿ ಒಂದು ಬದಿಗೆ 18 ಸೆಕ್ಟರ್. 0ರಿಂದ 17 ಕೆಳಬದಿಯಲ್ಲಿ, 18ರಿಂದ 35 ಮೇಲ್ಬದಿಯಲ್ಲಿ. ನನ್ನ ಗೀರು ಕೆಳಬದಿಯಲ್ಲಿತ್ತು. ಬೂಟ್ ಹೋಗಿತ್ತು, ಕೊನೆಯ ಒಂದು ಸೆಕ್ಟರ್ ಬಿಟ್ಟು ಎರಡೂ ಫ್ಯಾಟ್ ಹೋಗಿದ್ದವು. ಹೆಸರಿನ ಪಟ್ಟಿ ಮೇಲ್ಬದಿಯಲ್ಲಿ ಸುರಕ್ಷಿತ!

ಪ್ರತಿ ಹೆಸರಿನ ಜೊತೆ ಫೈಲಿನ ಗಾತ್ರ ಮತ್ತು ಶುರುವಾಗುವ ಕ್ಲಸ್ಟರ್ ಸಂಖ್ಯೆ ಇರುತ್ತದೆ. ಈ ಫ್ಲಾಪಿಯಲ್ಲಿ ಒಂದು ಕ್ಲಸ್ಟರ್ ಅಂದರೆ ಒಂದೇ ಸೆಕ್ಟರ್. ಕ್ಲಸ್ಟರ್ ಸಂಖ್ಯೆಗೆ 31 ಕೂಡಿಸಿದರೆ ಸೆಕ್ಟರ್ ಸಂಖ್ಯೆ. ಕ್ಲಸ್ಟರ್ 58, ಗಾತ್ರ 9,216 ಬೈಟ್ ಅಂತಿದ್ದರೆ ಸೆಕ್ಟರ್ 89ರಿಂದ 18 ಸೆಕ್ಟರ್, 106ರವರೆಗೆ. ಬ್ಯಾಕಪ್ ಫ್ಲಾಪಿಗೆ ಸಾಮಾನ್ಯವಾಗಿ ಒಂದಾದ ಮೇಲೆ ಒಂದು ಫೈಲ್ ತುಂಬಿಸಿರುತ್ತಾರೆ, ಆದ್ದರಿಂದ ತುಂಡು ತುಂಡಾಗಿರುವುದು ಕಡಿಮೆ. ಬೈಟುಗಳನ್ನೇ ನೇರವಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಅಷ್ಟನ್ನು ಕತ್ತರಿಸಿ ತೆಗೆದೆ. ಒಂದು ಫೈಲ್ ಬಿಟ್ಟು ಎಲ್ಲವೂ ತೆರೆದವು. ಬೂಟ್ ಸೆಕ್ಟರ್ ಮಾತ್ರ ಹೋಗಿದ್ದರೆ ಇಷ್ಟೂ ಕಷ್ಟ ಇಲ್ಲ. ಅದೇ ಗಾತ್ರದ ಒಳ್ಳೆಯ ಫ್ಲಾಪಿಯದನ್ನು ನಕಲಿನಲ್ಲಿ ಕೂರಿಸಿದರೆ ಆಯಿತು.

ಅಂದ ಹಾಗೆ ಬೂಟ್ ಸೆಕ್ಟರಿನಲ್ಲಿ ಹಳೇ ವೈರಸ್ ಸಿಗುವುದು ಮಾಮೂಲು. 1990ರಲ್ಲಿ ನಮ್ಮ ದೇಶದಲ್ಲಿ ಕಂಡ ಜೋಷಿ ವೈರಸ್ ಹೆಸರು ಹಳಬರಿಗೆ ನೆನಪಿರಬಹುದು. ಜನವರಿ 5ಕ್ಕೆ ಹ್ಯಾಪಿ ಬರ್ತ್‌ಡೇ ಜೋಷಿ ಅಂತ ಟೈಪ್ ಮಾಡುವವರೆಗೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿರಲಿಲ್ಲ. ನಕಲಿನ ಫೈಲ್ ಓದುವಾಗ ಅದರಿಂದ ತೊಂದರೆ ಇಲ್ಲ. ಆ ಫ್ಲಾಪಿ ಹಾಕಿಕೊಂಡು ಹಳೇ ಕಂಪ್ಯೂಟರ್ ಆನ್ ಮಾಡಬೇಡಿ, ಅಷ್ಟೇ.

ಓದಿತು, ಆದರೆ ಅಕ್ಷರ ಅರ್ಥವಾಗುತ್ತಿಲ್ಲ

ಇಲ್ಲಿಗೆ ಬಂದವರು ಫ್ಲಾಪಿಯನ್ನು ಬೈಯುವುದು ನಿಲ್ಲಿಸಬೇಕು. ಅದು ತನ್ನ ಕೆಲಸ ಮಾಡಿ ಆಗಿದೆ.

ಇಂಗ್ಲಿಷ್ ಪತ್ರದಲ್ಲಿ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರವಾಗಿದ್ದರೆ ಅದು ವರ್ಡ್‌ಸ್ಟಾರ್ ಎಂಬ ಹಳೇ ಟೈಪಿಂಗ್ ಸಾಫ್ಟ್‌ವೇರಿನದು. ಹಳೇ ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರಕ್ಕೆ ಎಂಟನೇ ಬಿಟ್ ಏರಿಸಿ (ಸೊನ್ನೆಯನ್ನು ಒಂದು ಮಾಡಿ) ಇಡುತ್ತಿತ್ತು. ಪ್ರತಿ ಬೈಟಿನಿಂದ ಅದನ್ನು ಇಳಿಸಿದರೆ ಪತ್ರ ಸರಿಯಾಗುತ್ತದೆ. ಲೋಟಸ್ 1-2-3ರ ಲೆಕ್ಕದ ಹಾಳೆ, ಡಿಬೇಸ್ ಫೈಲ್ ಎರಡನ್ನೂ ಲಿಬ್ರೆ ಆಫೀಸ್ ತೆರೆಯುತ್ತದೆ. ಚೆಕ್‌ರೋಲ್ ಡಿಬೇಸ್‌ನಲ್ಲಿತ್ತು, ಮಳೆ ಲೆಕ್ಕ ಲೋಟಸ್‌ನಲ್ಲಿ.

ಕನ್ನಡ ಪಠ್ಯ ಇಂಗ್ಲಿಷ್ ಅಕ್ಷರದ ತಲೆಗೆ ಟೋಪಿ, ಬಾಲ ಇಟ್ಟ ಹಾಗೆ ಕಂಡರೆ ಅದು ಯೂನಿಕೋಡ್‌ಗಿಂತ ಹಿಂದಿನ ಫಾಂಟ್. ನುಡಿ, ಬರಹ ಫಾಂಟಿನದಾದರೆ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ಸುಲಭವಾಗಿ ಸಿಗುತ್ತದೆ. ಶ್ರೀಲಿಪಿಯ ಸಂಕೇತಗಳೇ ಬೇರೆ, ಅದಕ್ಕೆ ಅದರದ್ದೇ ಪರಿವರ್ತಕ ಬೇಕು. ಡಾಸ್ ಕಾಲದಲ್ಲಿ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿ ಕನ್ನಡ ಬರೆದಿದ್ದರೆ ಅದು ಭಾರತೀಯ ಭಾಷೆಗಳ ಹಳೇ ಇಸ್ಕಿ ಸಂಕೇತ. ಒಂದನ್ನು ಇನ್ನೊಂದರ ಪರಿವರ್ತಕಕ್ಕೆ ಕೊಟ್ಟರೆ ಕನ್ನಡವೇನೋ ಬರುತ್ತದೆ, ಯಾರಿಗೂ ಅರ್ಥವಾಗದ ಕನ್ನಡ. ಯಾವುದರಲ್ಲಿ ಟೈಪ್ ಮಾಡಿದ್ದು ಅಂತ ಬರೆದವರನ್ನೇ ಕೇಳುವುದು ಎಲ್ಲಕ್ಕಿಂತ ಬೇಗ.

ತೆರೆದ ಫೈಲ್ ಸರಿ ಇದೆ ಅಂತ ನಂಬಲೂ ಬೇಡಿ. ಓದಲಾಗದ ಸೆಕ್ಟರಿನ ಜಾಗದಲ್ಲಿ ಬರೀ ಸೊನ್ನೆ ಕೂತಿರುತ್ತದೆ, ಹಾಳೆ ಮಾತ್ರ ಚೆನ್ನಾಗಿಯೇ ತೆರೆದುಕೊಳ್ಳಬಹುದು. ಡಿಡಿ-ರೆಸ್ಕ್ಯೂಗೆ ಹೇಳಿದರೆ ಕೆಟ್ಟ ಜಾಗಗಳಲ್ಲಿ ನಾವು ಕೊಟ್ಟ ಗುರುತಿನ ಪದ ತುಂಬುತ್ತದೆ. ನಾನು ಆ ಪದವನ್ನು ಎಲ್ಲಾ ಫೈಲುಗಳಲ್ಲಿ ಹುಡುಕಿದೆ. ಸಿಕ್ಕಿದ ಫೈಲುಗಳಿಗೆ ಕೆಂಪು ಗುರುತು. ಮಳೆ ಲೆಕ್ಕಕ್ಕೆ ಇನ್ನೊಂದು ಪರೀಕ್ಷೆ ಇತ್ತು. ಗೆದ್ದಲು ಬಿಟ್ಟ ಪುಸ್ತಕದ ಪುಟಗಳನ್ನು ರೈಟರು ತಂದರು. ಅವರು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಓದುತ್ತಾ ಹೋದರು, ನಾನು ಪರದೆಯಲ್ಲಿ ಬೆರಳಿಟ್ಟೆ. ಒಂದು ಮಾರ್ಚ್ ತಿಂಗಳ ಹೂಮಳೆ ಮಾತ್ರ ತಾಳೆಯಾಗಲಿಲ್ಲ. ಫ್ಲಾಪಿಯದ್ದೇ ತಪ್ಪು ಅಂದುಕೊಂಡೆ. ಆ ಫೈಲಿನಲ್ಲಿ ಗುರುತಿನ ಪದ ಇರಲಿಲ್ಲ. ರೈಟರು ಕನ್ನಡಕ ಏರಿಸಿ ಪುಸ್ತಕವನ್ನೇ ಮತ್ತೆ ನೋಡಿದರು. "ಇದು ನಾನು ರಜ ಹೋದಾಗ ಬೇರೆ ಯಾರೋ ಬರೆದಿದ್ದು. ಅಕ್ಷರ ನೋಡಿ" ಅಂದರು.

43ರಲ್ಲಿ 36 ಪೂರ್ತಿ ಬಂದವು, ನಾಲ್ಕು ಅರ್ಧಂಬರ್ಧ. ಮೂರು ಇನ್ನೂ ಬಾಕಿ. ಅದರಲ್ಲಿ ಒಂದು ನಾನು ಮೊದಲ ದಿನ ಕಿರುಚಿಸಿದ್ದು. ಮೂರನ್ನೂ ಸಿಲಿಕಾ ಜೆಲ್ ಜೊತೆ ಕವರಿನಲ್ಲಿ ಹಾಕಿ, ಯಾವ ಡ್ರೈವಿನಲ್ಲಿ ಎಷ್ಟು ಸೆಕ್ಟರ್ ಬಂತು, ಎಷ್ಟು ಬಾಕಿ ಅಂತ ಚೀಟಿ ಬರೆದಿಟ್ಟಿದ್ದೇನೆ. ಮ್ಯಾಪ್ ಫೈಲುಗಳೂ ಇವೆ. ಮಳೆ ನಿಂತ ಮೇಲೆ ಇನ್ನೊಂದು ಡ್ರೈವ್ ಸಿಕ್ಕರೆ ಅಲ್ಲಿಂದಲೇ ಮುಂದುವರಿಸಬೇಕು.